ಕಲಬುರಗಿಯಾಗ ಪೆಟ್ರೋಲ್ ರೊಕ್ಕ ಉಳಸೋದು ಹ್ಯಾಂಗ? ಲೀಟರಿನ ದರ ಬಿಡ್ರಿ, ಕಿಲೋಮೀಟರಿನ ಲೆಕ್ಕ ಹಿಡೀರಿ

ನಾನು ಇರೋದು ಜೇವರ್ಗಿ ಕಾಲೊನಿ ಕಡಿ, ಕೆಲಸ ಶಹಾಬಾದಿನಾಗ. ಹೋಗಿ ಬರೋದು ಸೇರಿ ದಿನಕ್ಕ ಹತ್ತತ್ರ 60 ಕಿಲೋಮೀಟರ್ ಗಾಡಿ ಓಡ್ತದ, ತಿಂಗಳಿಗಿ 25 ದಿನ ಹಿಡಿದ್ರ 1500 ಕಿಲೋಮೀಟರ್. ಮದ್ಲ ನಾನು ಪೆಟ್ರೋಲಿಗಿ ಎಷ್ಟ ಹೋಗ್ತದ ಅಂತ ಯಾವತ್ತೂ ಬರದಿಟ್ಟವ ಅಲ್ಲ, ಕಿಸೆದಾಗ ನೂರು ಇದ್ರ ನೂರು, ಇನ್ನೂರು ಇದ್ರ ಇನ್ನೂರು ಹಾಕಸ್ಕೊಂತ ಹೋಗ್ತಿದ್ದೆ, ಪಗಾರದ ರೊಕ್ಕ ಇಪ್ಪತ್ತನೇ ತಾರೀಖಿಗೇ ಯಾಕ ಮುಗೀತು ಅಂತ ಮನ್ಯಾಗ ಕೇಳಿದ್ರ ಉತ್ತರ ಇರ್ತಿದ್ದಿಲ್ಲ. ಒಂದ್ ಸಲ ಕುಂತು ಲೆಕ್ಕ ಮಾಡಿದಾಗ ಖರೇ ಹೊಟ್ಟಿ ಉರೀತು. ಆಮ್ಯಾಲ ಒಂದೊಂದಾಗಿ ಏನೇನ್ ಮಾಡಿದೆ, ಯಾವುದರಿಂದ ಉಳೀತು, ಯಾವುದು ಸುಳ್ಳು ಅಂತ ತಿಳೀತು, ಅದನ್ನ ಇಲ್ಲಿ ಬರೀಲಿಕತ್ತೀನಿ. ನಮ್ಮ ಭಾಗದಾಗ ಭಾಳ ಮಂದಿಗಿ ಗಾಡಿ ಅಂದ್ರ ಶೋಕಿ ಅಲ್ಲ ಹೊಟ್ಟಿಪಾಡು, ಹಳ್ಳಿಂದ ಗಂಜಿಗಿ (ಕಾಳಿನ ಮಾರ್ಕೆಟ್ಟಿಗಿ) ಬರೋರು, ಸೇಡಂ ರೋಡಿನ ದವಾಖಾನಿಗಿ ಹೋಗೋರು, ಮನಿ ಮನಿಗಿ ಮಾಲು ಮುಟ್ಟಸೋ ಹುಡುಗರು, ಅವರಿಗಿ ಉಪಯೋಗ ಆಗ್ಲಿ.

ದರದ ಮಾತು ಮೊದ್ಲೇ ಹೇಳಿಬಿಡ್ತೀನಿ. 2024ರ ಜೂನ್‌ನಾಗ ರಾಜ್ಯ ಸರ್ಕಾರ ಪೆಟ್ರೋಲ್ ಮ್ಯಾಲಿನ ಮಾರಾಟ ತೆರಿಗಿ 25.92 ಪರ್ಸೆಂಟಿನಿಂದ 29.84 ಪರ್ಸೆಂಟಿಗಿ ಏರಿಸ್ತು, ಒಂದೇ ಸಲಕ್ಕ ಲೀಟರಿಗಿ ಹತ್ತತ್ರ 3 ರೂಪಾಯಿ ಜಾಸ್ತಿ ಆಗಿ ನೂರು ದಾಟ್ತು. ಅದರ ಮ್ಯಾಲ ಡಿಪೋದಿಂದ ಪಂಪಿನ ತನಕ ಟ್ಯಾಂಕರ್ ಬರೋ ಬಾಡಿಗಿ ಬ್ಯಾರೆ ಸೇರ್ತದ, ಅದಕ್ಕೇ ರಿಫೈನರಿ ಇರೋ ಮಂಗಳೂರಾಗ ಒಂದು ದರ, ದೂರದ ಊರಾಗ ಇನ್ನೊಂದು ದರ. ಇದ್ಯಾವುದೂ ನಮ್ಮ ಕೈಯಾಗ ಇಲ್ಲ. ನಮ್ಮ ಕೈಯಾಗ ಇರೋದು ಒಂದೇ, ಒಂದು ಕಿಲೋಮೀಟರ್ ಹೋಗ್ಲಿಕ್ಕ ಎಷ್ಟು ರೂಪಾಯಿ ಸುಡ್ತೀವಿ ಅನ್ನೋದು.

ಒಂದನೇ ಕೆಲಸ: ಗಾಡಿ ಎಷ್ಟ ಕುಡೀತದ ಅಂತ ಖರೇ ಅಳೀರಿ

"ನನ್ನ ಗಾಡಿ 60 ಕೊಡ್ತದ" ಅಂತ ಎಲ್ಲಾರೂ ಹೇಳ್ತಾರ, ಯಾರನ್ನ ಕೇಳಿದ್ರೂ ಅಳದಿರಂಗಿಲ್ಲ. ಶೋರೂಮಿನಾಗ ಹೇಳಿದ್ದೇ ಎವರೇಜ್ (ಲೀಟರಿಗಿ ಎಷ್ಟು ಕಿಲೋಮೀಟರ್) ಅಂತ ತಿಳ್ಕೊಂಡಿರ್ತೀವಿ. ಪೆಟ್ರೋಲ್ ತೋರಸೋ ಮೀಟರಿನ ಮುಳ್ಳು ನೋಡಿ ಅಂದಾಜು ಮಾಡೋದೂ ತಪ್ಪು, ಎರಡು ಗಾಲಿ ಗಾಡ್ಯಾಗ ಆ ಮುಳ್ಳು ಸ್ಟ್ಯಾಂಡ್ ಹಾಕಿದ್ರ ಒಂದ್ ಕಡಿ ತೆಗದ್ರ ಒಂದ್ ಕಡಿ ಇರ್ತದ.

ಸರಿಯಾಗಿ ಅಳೆಯೋದು ಹಿಂಗ. ಪಂಪಿಗಿ ಹೋಗಿ ಡಬಲ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಫುಲ್ ಮಾಡಸ್ರಿ, ನಾಜಲ್ ತಾನಾಗೇ ಟಕ್ ಅಂತ ಬಂದ್ ಆದ ಕೂಡ್ಲೆ ನಿಲ್ಲಸ್ರಿ, ಅದರ ಮ್ಯಾಲ ಒತ್ತಿ ಒತ್ತಿ ತುಂಬಸಬ್ಯಾಡ್ರಿ. ಗಾಡಿ ಎಷ್ಟು ಕಿಲೋಮೀಟರ್ ಓಡ್ಯಾದ ಅನ್ನೋ ರೀಡಿಂಗ್ ಬರದಿಟ್ಕೋರಿ, ಮೊಬೈಲಿನಾಗ ಫೋಟೋ ತಗದ್ರೂ ನಡೀತದ. ಆಮ್ಯಾಲ ಎಂದಿನಂಗ ಓಡಸ್ರಿ, ಅಳತಿ ಅದ ಅಂತ ಬ್ಯಾರೆ ಹಂಗ ಓಡಿಸಿದ್ರ ನಿಮಗ ನೀವೇ ಮೋಸ ಮಾಡ್ಕೊಂಡಂಗ. ಮುಕ್ಕಾಲು ಟ್ಯಾಂಕ್ ಖಾಲಿ ಆದ ಮ್ಯಾಲ ಅದೇ ಪಂಪಿಗಿ ಹೋಗಿ, ಆಗೋದಿದ್ರ ಅದೇ ಮಷೀನಿನ್ಯಾಗ, ಹೊಳ್ಳಿ ನಾಜಲ್ ಬಂದ್ ಆಗೋ ತನಕ ಹಾಕಸ್ರಿ. ಈಗ ಎಷ್ಟು ಲೀಟರ್ ಹಿಡೀತೋ ಅಷ್ಟೇ ನೀವು ಸುಟ್ಟಿದ್ದು. ಓಡಿದ ಕಿಲೋಮೀಟರನ್ನ ಆ ಲೀಟರಿನಿಂದ ಭಾಗಿಸ್ರಿ. 180 ಕಿಲೋಮೀಟರ್ ಓಡಿ 4 ಲೀಟರ್ ಹಿಡಿದ್ರ 45 ಎವರೇಜ್. ಒಂದೇ ಸಲ ಅಳದು ನಂಬಬ್ಯಾಡ್ರಿ, ಮೂರು ಸಲ ಮಾಡಿ ಸರಾಸರಿ ತಗೋರಿ, ಯಾಕಂದ್ರ ಎರಡು ಗಾಲಿ ಗಾಡಿ ಟ್ಯಾಂಕ್ ಸಣ್ಣದು, ನೂರು ಇನ್ನೂರು ಎಂಎಲ್ ಹೆಚ್ಚುಕಮ್ಮಿ ಆದ್ರೂ ಲೆಕ್ಕ ಭಾಳ ಹಾರ್ತದ.

ನನ್ನ 110 ಸಿಸಿ ಗಾಡಿ ಬಂದಿದ್ದು 45. ಈಗ 56ಕ್ಕ ಬಂದು ನಿಂತದ. ಇದು ಏನ್ ದೊಡ್ಡದು ಅನ್ನಸ್ತದ ಆದ್ರ ಲೆಕ್ಕ ನೋಡ್ರಿ, 1500 ಕಿಲೋಮೀಟರಿಗಿ 45ರಂಗ 33 ಲೀಟರಿಗಿಂತ ಜಾಸ್ತಿ, 56ರಂಗ 27 ಲೀಟರಿನ ಒಳಗ. ತಿಂಗಳಿಗಿ ಆರೂವರಿ ಲೀಟರ್. ಲೀಟರಿಗಿ ಬರೇ 100 ರೂಪಾಯಿ ಅಂತ ಹಿಡಿದ್ರೂ 650 ರೂಪಾಯಿ, ವರ್ಷಕ್ಕ 7800. ನನ್ನ ಮಗಳ ಸಾಲಿ ಬಸ್ಸಿನ ಖರ್ಚು ಅದರಾಗ ಬಂತು.

ಎರಡನೇ ಕೆಲಸ: ಹವಾ. ಇದೊಂದೇ ಮಾಡಿದ್ರೂ ಸಾಕಷ್ಟು ಆಗ್ತದ

ಎಲ್ಲಕ್ಕಿಂತ ಸಸ್ತಾ ಕೆಲಸ ಇದು, ಅದಕ್ಕೇ ಯಾರೂ ಮಾಡಂಗಿಲ್ಲ. ಗಾಲ್ಯಾಗ ಹವಾ ಕಮ್ಮಿ ಇದ್ರ ಟೈರ್ ಅಗಲ ಆಗಿ ರೋಡಿಗಿ ಹತ್ಕೊಂಡು ಎಳೀತದ, ಇಂಜಿನ್ ಜಾಸ್ತಿ ದುಡೀಬೇಕಾಗ್ತದ, ಪೆಟ್ರೋಲ್ ಜಾಸ್ತಿ ಹೋಗ್ತದ, ಟೈರೂ ಅಂಚಿನಾಗ ಸವೀತದ. ಸೈಕಲ್ಲಿನ ಹವಾ ಇಳದಾಗ ತುಳೀಲಿಕ್ಕ ಎಷ್ಟು ಜೀವ ಹೋಗ್ತದ ನೆನಪು ಮಾಡ್ಕೋರಿ, ಅದೇ ಕಷ್ಟ ಇಂಜಿನ್ನಿಗಿ ಆಗ್ತದ, ನಮಗ ತಿಳಿಯಂಗಿಲ್ಲ ಅಷ್ಟೇ.

ಎಷ್ಟು ಪಾಯಿಂಟ್ ಬೇಕು ಅನ್ನೋದು ಪಂಚರ್ ಅಂಗಡಿಯವರನ್ನ ಕೇಳೋದಲ್ಲ, ಗಾಡಿ ಮ್ಯಾಲೇ ಬರದಿರ್ತದ. ಬೈಕಿಗಿ ಚೈನ್ ಕವರ್ ಹತ್ರ ಇಲ್ಲಾ ಹಿಂದಿನ ಗಾಲಿ ಹಿಡಿದಿರೋ ಕಬ್ಬಿಣದ ಮ್ಯಾಲ, ಕಾರಿಗಿ ಡ್ರೈವರ್ ಬಾಗಲ ತಗದ್ರ ಅಲ್ಲೇ ಚೀಟಿ ಅಂಟಿಸಿರ್ತಾರ. ಭಾಳಷ್ಟು 110 ಸಿಸಿ ಸ್ಕೂಟಿಗಿ ಮುಂದ 22, ಹಿಂದ 29, ಹಿಂದ ಯಾರರೆ ಕುಂತ್ರ 36 ಹಿಂಗ ಇರ್ತದ. ಒಬ್ಬರೇ ಹೋಗೋದು ಬ್ಯಾರೆ, ಹೆಂಡ್ತಿ ಮಕ್ಕಳ ಜೊತಿ ಗಾಣಗಾಪುರಕ್ಕ ಹೋಗೋದು ಬ್ಯಾರೆ, ಲೋಡ್ ಇದ್ದ ದಿನ ಹಿಂದಿನ ಗಾಲಿಗಿ ಚೀಟ್ಯಾಗ ಬರದಷ್ಟು ಜಾಸ್ತಿ ಹಾಕಸ್ರಿ.

ಯಾವಾಗ ನೋಡಬೇಕು ಅಂದ್ರ ಮುಂಜಾನಿ, ಗಾಡಿ ತಣ್ಣಗಿದ್ದಾಗ. ಇದು ನಮ್ಮ ಊರಿಗಿ ಭಾಳ ಮುಖ್ಯ. ಬ್ಯಾಸಗ್ಯಾಗ ಇಲ್ಲಿ 42-43 ಡಿಗ್ರಿ ಬಿಸಲು, ಡಾಂಬರ್ ರೋಡ್ ಅದಕ್ಕಿಂತ ಕಾದಿರ್ತದ, ಶಹಾಬಾದಿನಿಂದ ಓಡಿಸ್ಕೊಂಡು ಬಂದು ಮಧ್ಯಾಹ್ನ ಚೆಕ್ ಮಾಡಿಸಿದ್ರ ಬಿಸಿ ಹವಾ ಹಿಗ್ಗಿ ಎರಡು ಮೂರು ಪಾಯಿಂಟ್ ಜಾಸ್ತಿನೇ ತೋರಸ್ತದ, ಸರಿ ಅದ ಅಂತ ಬಿಡ್ತೀವಿ, ಇಲ್ಲಾ ಜಾಸ್ತಿ ಆಗ್ಯಾದ ಅಂತ ಬಿಡಸ್ತೀವಿ, ರಾತ್ರಿ ತಣ್ಣಗಾದ ಮ್ಯಾಲ ನೋಡಿದ್ರ ಕಮ್ಮಿ ಆಗಿರ್ತದ. ಹದಿನೈದು ದಿನಕ್ಕೊಮ್ಮೆ ನೋಡಸ್ರಿ. ಪಂಪಿನಾಗ ಹವಾ ಪುಕ್ಕಟ್ಟೆ ಕೊಡಬೇಕು, ಕುಡಿಯೋ ನೀರು, ಶೌಚಾಲಯ ಇದ್ದಂಗ ಅದೂ ಅವರು ಕೊಡಲೇಬೇಕಾದ ಸೌಲಭ್ಯ. ಮಷೀನ್ ಕೆಟ್ಟದ ಅಂತ ಹೇಳಿದ್ರ ಬ್ಯಾರೆ ಪಂಪಿಗಿ ಹೋಗ್ರಿ, ಹವಾ ಸರಿ ಇಟ್ಟವರ ಹತ್ರನೇ ಪೆಟ್ರೋಲೂ ಹಾಕಸ್ರಿ. ನೈಟ್ರೋಜನ್ ಹಾಕಸ್ರಿ ಎವರೇಜ್ ಬರ್ತದ ಅಂತ ರೊಕ್ಕ ಕೇಳ್ತಾರಲ್ಲ ಅದು ಬೇಕಾಗಿಲ್ಲ, ನಮ್ಮ ಸುತ್ತ ಇರೋ ಹವಾದಾಗೇ 78 ಪರ್ಸೆಂಟ್ ನೈಟ್ರೋಜನ್ ಅದ.

ಮೂರನೇ ಕೆಲಸ: ಧೂಳು, ಚೈನು, ಬ್ರೇಕು

ನಮ್ಮ ಕಡಿ ಧೂಳು ಅಂದ್ರ ಹ್ಯಾಂಗ ಅಂತ ಬ್ಯಾರೆ ಊರಿನವರಿಗಿ ಹೇಳಿದ್ರ ತಿಳಿಯಂಗಿಲ್ಲ. ಶಹಾಬಾದಿನ ಫರಸಿ ಖಣಿ, ವಾಡಿ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ, ಅವುಗಳ ಲಾರಿ, ತೊಗರಿ ರಾಶಿ ಟೈಮಿನಾಗ ಹೊಲದ ಕರಿಮಣ್ಣು, ಎಲ್ಲಾ ಗಾಳ್ಯಾಗೇ ಇರ್ತದ. ಇಂಜಿನ್ ಆ ಗಾಳೀನೇ ಎಳ್ಕೊಳ್ಳೋದು. ನಾನು ಹದಿನಾಲ್ಕು ತಿಂಗಳು ಏರ್ ಫಿಲ್ಟರ್ ತಗದು ನೋಡೇ ಇದ್ದಿಲ್ಲ. ಮಿಸ್ತ್ರಿ ತಗದು ಫರಸಿ ಮ್ಯಾಲ ಬಡಿದಾಗ ಒಂದು ಮುಷ್ಠಿ ಮಣ್ಣು ಬಿತ್ತು, ಸುಳ್ಳಲ್ಲ. ಮುಖಕ್ಕ ದಪ್ಪ ಚಾದರ ಮುಚ್ಕೊಂಡು ಓಡೋದು ಹ್ಯಾಂಗೋ ಗಾಡಿಗಿ ಅದೇ ಸ್ಥಿತಿ, ಹಳೇ ಕಾರ್ಬೊರೇಟರ್ ಗಾಡ್ಯಾಗಂತೂ ಗಾಳಿ ಕಮ್ಮಿ ಆದಷ್ಟೂ ಪೆಟ್ರೋಲ್ ಜಾಸ್ತಿ ಸುಡ್ತದ, ಸೈಲೆನ್ಸರಿನಿಂದ ಕರಿ ಹೊಗಿ ಬರ್ತದ. ಹೊಸ ಬಿಎಸ್-6 (ಹೊಗಿ ಕಮ್ಮಿ ಮಾಡೋ ನಿಯಮದ) ಗಾಡ್ಯಾಗ ಸೆನ್ಸರ್ ಇರೋದರಿಂದ ಅಷ್ಟು ಪೆಟ್ರೋಲ್ ಹೋಗಂಗಿಲ್ಲ, ಆದ್ರ ಪಿಕಪ್ ಬಿದ್ದು ಹೋಗ್ತದ, ಪಿಕಪ್ ಇಲ್ಲ ಅಂತ ನಾವು ಜಾಸ್ತಿ ರೇಸ್ ಕೊಡ್ತೀವಿ, ಕೊನಿಗಿ ಅದೇ ಆಗ್ತದ.

ಇಲ್ಲಿ ಒಂದು ಎಚ್ಚರ. ಸ್ಪಂಜಿನ ಫಿಲ್ಟರ್ ಇದ್ರ ತೊಳದು ಒಣಗಿಸಿ ಹಾಕಬಹುದು. ಒಣ ಪೇಪರಿನ ಫಿಲ್ಟರ್ ಇದ್ರ ಒಳಗಿನಿಂದ ಹೊರಗ ಹವಾ ಹೊಡದು ಸ್ವಚ್ಛ ಮಾಡಬಹುದು. ಆದ್ರ ಭಾಳ ಸ್ಕೂಟಿಗೋಳಾಗ ಎಣ್ಣಿ ಸವರಿದ ಅಂಟು ಪೇಪರಿನ ಫಿಲ್ಟರ್ ಬರ್ತದ, ಅದಕ್ಕ ಹವಾ ಹೊಡದ್ರ ಎಣ್ಣಿ ಹೋಗಿ ಫಿಲ್ಟರೇ ಹಾಳು, ಅದನ್ನ ಬದಲೇ ಮಾಡಬೇಕು. ಗಾಡಿ ಜೊತಿ ಕೊಟ್ಟ ಪುಸ್ತಕದಾಗ ಇಷ್ಟು ಕಿಲೋಮೀಟರಿಗೊಮ್ಮೆ ಅಂತ ಬರದಿರ್ತದ, ಧೂಳಿನ ಜಾಗದಾಗ ಅದಕ್ಕಿಂತ ಮೊದ್ಲೇ ಮಾಡ್ರಿ ಅಂತನೂ ಬರದಿರ್ತದ, ನಾವು ಧೂಳಿನ ಜಾಗದವರೇ. ಫಿಲ್ಟರ್ ತಗದು ಒಗೀರಿ ಪಿಕಪ್ ಜೋರ್ ಬರ್ತದ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಆ ಮಣ್ಣು ಸಿಲಿಂಡರಿನ ಒಳಗ ಹೋಗಿ ಪಿಸ್ಟನ್ ರಿಂಗ್ ಸವೀತಾವ, ಆಮ್ಯಾಲ ಇಂಜಿನ್ ಬಿಚ್ಚೋ ಖರ್ಚು.

ಚೈನು ಒಣಗಿ ಕರ ಕರ ಅಂತಿದ್ರ ಅದೂ ಪೆಟ್ರೋಲ್ ತಿಂತದ. ಐದುನೂರು ಕಿಲೋಮೀಟರಿಗೊಮ್ಮೆ ಒರಸಿ ಎಣ್ಣಿ ಬಿಡ್ರಿ, ಭಾಳ ಟೈಟ್ ಮಾಡಸಬ್ಯಾಡ್ರಿ. ಬ್ರೇಕ್ ಹಿಡಕೊಂಡದೋ ಇಲ್ಲೋ ನೋಡೋದು ಸುಲಭ, ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಾಗ ಹಿಂದಿನ ಗಾಲಿ ಕೈಲಿಂದ ತಿರುಗಸ್ರಿ, ಸರಾಗ ತಿರುಗಬೇಕು. ಒಂದೇ ಸುತ್ತಿಗಿ ನಿಂತ್ರ ಬ್ರೇಕ್ ಹತ್ತಿ ಹಿಡದದ ಅಂತ ಅರ್ಥ, ಅಂದ್ರ ದಿನಾಲು ನೀವು ಬ್ರೇಕ್ ಒತ್ಕೊಂಡೇ 60 ಕಿಲೋಮೀಟರ್ ಹೋಗ್ಲಿಕತ್ತೀರಿ. ನನ್ನ ಗಾಡ್ಯಾಗ ಇದೇ ಆಗಿತ್ತು, ಮಿಸ್ತ್ರಿ ಹತ್ತು ನಿಮಿಷದಾಗ ಸಡ್ಲ ಮಾಡಿ ಕೊಟ್ಟ, ರೊಕ್ಕ ಕೂಡ ತಗೊಳ್ಲಿಲ್ಲ. ಕೆಲವರಿಗಿ ಬಲಗಾಲು ಬ್ರೇಕ್ ಪೆಡಲ್ ಮ್ಯಾಲೇ ಇಡೋ ಚಾಳಿ ಇರ್ತದ, ಅದನ್ನೂ ಬಿಡಬೇಕು.

ನಾಲ್ಕನೇ ಕೆಲಸ: ಕೈ ಸುಧಾರಸ್ಕೋಬೇಕು

ಇದು ಎಲ್ಲಕ್ಕಿಂತ ಕಷ್ಟ, ಆದ್ರ ಎಲ್ಲಕ್ಕಿಂತ ಜಾಸ್ತಿ ಉಳಿಯೋದೂ ಇದರಾಗೇ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಇಲಾಖಿ ಕೆಳಗ ಪಿಸಿಆರ್‌ಎ ಅಂತ ಒಂದು ಸಂಸ್ಥಾ ಅದ, ಇಂಧನ ಉಳಸೋದು ಹ್ಯಾಂಗ ಅಂತ ಹೇಳಿಕೊಡೋದೇ ಅವರ ಕೆಲಸ. ಅವರು ಹೇಳೋ ಪ್ರಕಾರ ನಮ್ಮ ದೇಶದ ಕಾರುಗಳು 80ರ ಸ್ಪೀಡಿಗಿಂತ 45 ರಿಂದ 55ರ ಸ್ಪೀಡಿನಾಗ 40 ಪರ್ಸೆಂಟ್ ತನಕ ಜಾಸ್ತಿ ಎವರೇಜ್ ಕೊಡ್ತಾವ. ಕಾರಣ ಗಾಳಿ. ಸ್ಪೀಡ್ ಎರಡು ಪಟ್ಟು ಆದ್ರ ಎದುರಿಗಿ ತಳ್ಳೋ ಗಾಳಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗ್ತದ. ಬೈಕಿನ ಮ್ಯಾಲ ಎದಿ ಕೊಟ್ಟು ಕುಂತವರಿಗಿ ಇದು ತಿಳಿದೇ ಇರ್ತದ.

ನಾನು ಮದ್ಲ ಶಹಾಬಾದ್ ರೋಡಿನಾಗ 70-75ರಾಗ ಹೋಗ್ತಿದ್ದೆ, ಈಗ 50ರಾಗ ಹೋಗ್ತೀನಿ. ಎಷ್ಟು ಟೈಮ್ ಜಾಸ್ತಿ ಹಿಡೀತದ ಅಂತ ಗಡಿಯಾರ ನೋಡಿ ಬರದಿಟ್ಟೆ, ಎಂಟು ಹತ್ತು ನಿಮಿಷ, ಅದರಕಿಂತ ಜಾಸ್ತಿ ಅಲ್ಲವೇ ಅಲ್ಲ, ಯಾಕಂದ್ರ ಜೋರ್ ಹೋದ್ರೂ ಮುಂದ ಲಾರಿ ಸಿಗ್ತದ, ತಗ್ಗು ಬರ್ತದ, ರೈಲ್ವೆ ಗೇಟ್ ಬಿದ್ದಿರ್ತದ. ಹತ್ತು ನಿಮಿಷ ಮೊದ್ಲು ಮನಿ ಬಿಟ್ರ ಆಯ್ತು. ನನ್ನ ಎವರೇಜ್ ಏರಿದ್ದರಾಗ ಅರ್ಧ ಇದರಿಂದಲೇ ಬಂತು ಅಂತ ನಂಬೀನಿ.

ಊರ ಒಳಗಿನ ಕಥಿ ಬ್ಯಾರೆ. ಜಗತ್ ಸರ್ಕಲ್‌ದಿಂದ ಸೂಪರ್ ಮಾರ್ಕೆಟ್ ತನಕ ಸಂಜಿ ಆರರ ಮ್ಯಾಲ ಹೋದವರಿಗಿ ಗೊತ್ತು, ಹತ್ತು ಹೆಜ್ಜಿಗೊಮ್ಮೆ ನಿಲ್ಲಬೇಕು. ಅಲ್ಲಿ ಜೋರ್ ರೇಸ್ ಕೊಟ್ಟು ಮುಂದ ನುಗ್ಗೋದು, ಕೂಡ್ಲೆ ಬ್ರೇಕ್ ಹಾಕೋದು, ಹೊಳ್ಳಿ ರೇಸ್, ಹಿಂಗ ಮಾಡಿದ್ರ ಪೆಟ್ರೋಲ್ ಸುಟ್ಟು ಹುಟ್ಟಿಸಿದ ಓಟಾನ ಬ್ರೇಕಿನಾಗ ಬಿಸಿ ಮಾಡಿ ಒಗದಂಗ. ಮುಂದ ಗರ್ದಿ ಕಂಡ್ರ ಮೊದ್ಲೇ ರೇಸ್ ಬಿಟ್ಟುಬಿಡ್ರಿ, ಗಾಡಿ ತಾನೇ ಹರಕೊಂಡು ಹೋಗ್ತದ. ಗೇರ್ ಗಾಡಿ ಇದ್ರ ಅರ್ಧ ಕ್ಲಚ್ ಹಿಡಕೊಂಡು ಓಡಸಬ್ಯಾಡ್ರಿ, ಸಣ್ಣ ಗೇರಿನಾಗ ಇಂಜಿನ್ ಒದರಿಸಬ್ಯಾಡ್ರಿ, ದೊಡ್ಡ ಗೇರಿನಾಗ ದಡ ದಡ ಅನ್ನೋ ತನಕ ಎಳಸಬ್ಯಾಡ್ರಿ. ಸಿಗ್ನಲ್‌ದಾಗ ಅರ್ಧ ನಿಮಿಷಕ್ಕಿಂತ ಜಾಸ್ತಿ ಇದ್ರ ಬಂದ್ ಮಾಡ್ರಿ. ರೈಲ್ವೆ ಗೇಟಿನಾಗಂತೂ ಕೇಳಬ್ಯಾಡ್ರಿ, ವಾಡಿ ಕಡಿ ಹೋಗೋ ಗೂಡ್ಸ್ ಒಂದಾದ ಮ್ಯಾಲೊಂದು ಬರ್ತಾವ, ಗೇಟ್ ಬಿದ್ರ ಕಾಲು ತಾಸೂ ಆಗಬಹುದು, ಅಲ್ಲಿ ಗಾಡಿ ಚಾಲೂ ಇಟ್ಕೊಂಡು ನಿಲ್ಲೋ ಮಂದಿನ್ನ ನೋಡಿದ್ರ ನನಗ ಖರೇ ಸಂಕಟ ಆಗ್ತದ. ನಿಂತ ಗಾಡಿ ಎವರೇಜ್ ಸೊನ್ನಿ.

ಐದನೇ ಮಾತು: ಪಂಪಿನಾಗ ಏನು ಖರೇ, ಏನು ಸುಳ್ಳು

ಮುಂಜಾನಿ ಐದಕ್ಕ ಹಾಕಿಸಿದ್ರ ಜಾಸ್ತಿ ಪೆಟ್ರೋಲ್ ಬರ್ತದ, ತಣ್ಣಗಿರ್ತದಲ್ಲ ಅಂತ ಭಾಳ ಮಂದಿ ನಂಬ್ಯಾರ. ಪೆಟ್ರೋಲ್ ಬಿಸಿ ಆದ್ರ ಹಿಗ್ಗೋದು ಖರೇ, ಒಂದು ಡಿಗ್ರಿಗಿ ಸಾವಿರದಾಗ ಒಂದು ಭಾಗದಷ್ಟು. ಆದ್ರ ಪಂಪಿನ ಟ್ಯಾಂಕ್ ಇರೋದು ನೆಲದೊಳಗ, ಅಲ್ಲಿ ಮುಂಜಾನಿಗೂ ಮಧ್ಯಾಹ್ನಕ್ಕೂ ಅಷ್ಟೇನು ಫರಕ್ ಇರಂಗಿಲ್ಲ. ನಿಮ್ಮ ಐದು ಲೀಟರಿಗಿ ಒಂದು ರೂಪಾಯಿನೂ ಉಳಿಯಂಗಿಲ್ಲ. ನೂರರ ಬದಲು 110 ಹಾಕಸ್ರಿ, 205 ಹಾಕಸ್ರಿ, ಮೋಸ ಆಗಂಗಿಲ್ಲ ಅನ್ನೋದೂ ಹಂಗೇ, ಮೋಸ ಮಾಡೋ ಮಷೀನ್ ಯಾವ ಅಂಕಿಗೂ ಮಾಡ್ತದ.

ಮೋಸ ಅನುಮಾನ ಬಂದ್ರ ಮಾಡೋ ಕೆಲಸ ಬ್ಯಾರೆ ಅದ. ಪ್ರತಿ ಪಂಪಿನಾಗ ಸರ್ಕಾರದ ಮುದ್ರಿ ಹೊಡೆದ 5 ಲೀಟರಿನ ಅಳತಿ ಡಬ್ಬಿ ಇರಬೇಕು. "ಅಣ್ಣಾ, ಐದು ಲೀಟರ್ ಡಬ್ಬ್ಯಾಗ ಹಾಕಿ ತೋರಸ್ರಿ" ಅಂತ ಯಾವ ಗಿರಾಕಿನೂ ಕೇಳಬಹುದು, ಅದಕ್ಕ ರೊಕ್ಕ ಇಲ್ಲ. 5 ಲೀಟರಿಗಿ 25 ಎಂಎಲ್ ತನಕ ಹೆಚ್ಚುಕಮ್ಮಿಗಿ ಅವಕಾಶ ಅದ, ಅದಕ್ಕಿಂತ ಕಮ್ಮಿ ಬಂದ್ರ ಕಾನೂನು ಮಾಪನಶಾಸ್ತ್ರ ಇಲಾಖೆಗಿ ದೂರು ಕೊಡಬಹುದು, ಇಲ್ಲಾ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಬಹುದು. ಕಲಬೆರಕಿ ಅನುಮಾನ ಇದ್ರ ಫಿಲ್ಟರ್ ಪೇಪರ್ ಕೇಳ್ರಿ, ಒಂದು ಹನಿ ಪೆಟ್ರೋಲ್ ಬಿಟ್ರ ಎರಡು ನಿಮಿಷದಾಗ ಆರಿ ಹೋಗಬೇಕು, ಎಣ್ಣಿ ಕಲಿ ಉಳೀಬಾರದು. ನಾನು ಒಮ್ಮೆ ಹೈವೇದಾಗಿನ ಒಂದು ಪಂಪಿನಾಗ ಡಬ್ಬಿ ಕೇಳಿದೆ, ಹುಡುಗ ಮೊದ್ಲು ಗುರುಗುಟ್ಟಿದ, ಮ್ಯಾನೇಜರ್ ಬಂದು ತೋರಿಸಿದ, ಅಳತಿ ಸರಿನೇ ಇತ್ತು. ನನ್ನ ಅನುಮಾನ ಹೋಯ್ತು, ತಪ್ಪು ನನ್ನ ಬ್ರೇಕಿನಾಗ ಇತ್ತು. ಅದಕ್ಕೇ ಮದ್ಲ ಎವರೇಜ್ ಅಳದು ಬರದಿಟ್ಕೋರಿ ಅಂದಿದ್ದು. ದಿನಾಲು ಮಾತ್ರ ಇಷ್ಟು ಮಾಡ್ರಿ, ಗಾಡಿ ಇಳದು ನಿಂತು ಮೀಟರಿನಾಗ ಸೊನ್ನಿ ನೋಡ್ರಿ, ಮುಗಿಯೋ ತನಕ ಕಣ್ಣು ಅಲ್ಲೇ ಇರ್ಲಿ, ಫೋನ್ ಕಿಸೆದಾಗ ಇರ್ಲಿ.

ಬ್ಯಾಸಗ್ಯಾಗ ಟ್ಯಾಂಕ್ ಬಾಯಿ ತನಕ ತುಂಬಸಬ್ಯಾಡ್ರಿ. ತಣ್ಣನ ಪೆಟ್ರೋಲ್ ಬಿಸಲಾಗ ಹಿಗ್ಗಿ ಜಾಗ ಸಿಗದೇ ಮ್ಯಾಲಿನ ತೂತಿನಿಂದ ಹೊರಗ ಬರ್ತದ, ಸೈಡ್ ಸ್ಟ್ಯಾಂಡ್ ಹಾಕಿ ಬಿಸಲಾಗ ನಿಲ್ಲಸಿದ್ರ ಇನ್ನೂ ಬ್ಯಾಗ. ಬೇವಿನ ಗಿಡದ ನೆಳ್ಳು ಹುಡುಕಿ ನಿಲ್ಲಸ್ರಿ.

ಈಗಿನ ಪೆಟ್ರೋಲಿನಾಗ 20 ಪರ್ಸೆಂಟ್ ಎಥೆನಾಲ್ ಇರ್ತದ, ಇದನ್ನೂ ತಿಳ್ಕೊಂಡಿರ್ರಿ. ಕಬ್ಬು, ಮೆಕ್ಕೆಜೋಳ ಇಂಥಾದರಿಂದ ಮಾಡ್ತಾರ, ರೈತರಿಗಿ ಒಂದು ದಾರಿ ಆಗ್ಯಾದ ಅದರಾಗ ಎರಡು ಮಾತಿಲ್ಲ. ಆದ್ರ ಎಥೆನಾಲ್‌ನಾಗ ಪೆಟ್ರೋಲಿಗಿಂತ ಶಕ್ತಿ ಮೂರನೇ ಒಂದು ಭಾಗ ಕಮ್ಮಿ, ಅಂದ ಮ್ಯಾಲ ಎವರೇಜ್ ಸ್ವಲ್ಪ ಬೀಳೋದು ಸಹಜ. ನೀತಿ ಆಯೋಗ 2021ರಾಗ ಮಾಡಿದ ವರದಿದಾಗೇ ಹಳೇ ಪೆಟ್ರೋಲಿಗಂತ ತಯಾರಾದ ಎರಡು ಗಾಲಿ ಗಾಡಿಗಿ 3-4 ಪರ್ಸೆಂಟ್, ಕಾರಿಗಿ 6-7 ಪರ್ಸೆಂಟ್ ಕಮ್ಮಿ ಆಗಬಹುದು ಅಂತ ಹೇಳ್ಯಾರ. ನಿಮ್ಮ ಗಾಡಿ ಮೂರು ನಾಲ್ಕು ವರ್ಷದ ಹಿಂದ ಕೊಟ್ಟ ಎವರೇಜ್ ಈಗ ಕೊಡವಲ್ದು ಅಂದ್ರ ಸ್ವಲ್ಪ ಭಾಗ ಇದೇ ಕಾರಣ, ಮಿಸ್ತ್ರಿ ಜೊತಿ ಜಗಳ ಆಡಬ್ಯಾಡ್ರಿ. ಹಂಗಂತ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು ಪ್ರೀಮಿಯಂ ಪೆಟ್ರೋಲ್ ಹಾಕಿಸಿದ್ರ ಸಾದಾ ಇಂಜಿನ್ನಿಗಿ ಉಪಯೋಗ ಇಲ್ಲ, ಆ ರೊಕ್ಕ ತಿರುಗಿ ಬರಂಗಿಲ್ಲ. ಒಂದು ಮಾತ್ರ ಜ್ವಾಕಿ, ಎಥೆನಾಲ್ ನೀರು ಹೀರ್ಕೊಳ್ತದ, ತಿಂಗಳುಗಟ್ಟಲೆ ಓಡಸದ ಗಾಡ್ಯಾಗ ಪೆಟ್ರೋಲ್ ಇಟ್ಟು ಬಿಡಬ್ಯಾಡ್ರಿ.

ಇನ್ನ ಗಡಿ ವಿಚಾರ, ಬೀದರ್ ಹುಮನಾಬಾದ್ ಚಿಂಚೋಳಿ ಕಡಿಯವರಿಗಿ ಇದು ಬೇಕು. ತೆಲಂಗಾಣದಾಗ ಪೆಟ್ರೋಲ್ ಮ್ಯಾಲ ವ್ಯಾಟ್ (ಮಾರಾಟ ತೆರಿಗಿ) 35.20 ಪರ್ಸೆಂಟ್, ನಮಗಿಂತ ಜಾಸ್ತಿ. 2024ರಾಗ ನಮ್ಮಲ್ಲಿ ದರ ಏರಿದ ಮ್ಯಾಲೂ ಹೈದರಾಬಾದಿನಾಗ 107ರ ಮ್ಯಾಲೇ ಇತ್ತು. ಹೈದರಾಬಾದಿಗಿ ದವಾಖಾನಿಗಿ, ಮದಿವಿ ಬಟ್ಟಿಗಿ ಹೋಗೋರು ನಮ್ಮ ಕಡಿನೇ ತುಂಬಸ್ಕೊಂಡು ಜಹೀರಾಬಾದ್ ದಾಟ್ರಿ, ಕಾರಿಗಿ 30 ಲೀಟರ್ ಹಿಡಿದ್ರ ನೂರು ರೂಪಾಯಿ ಮ್ಯಾಲೇ ಉಳೀತದ. ಸೋಲಾಪುರದ ಕಡಿ ಫರಕ್ ಸಣ್ಣದು, ಹೋಗೋ ದಿನ ಆಯಿಲ್ ಕಂಪನಿ ಆ್ಯಪಿನಾಗ ಎರಡೂ ಊರಿನ ದರ ನೋಡ್ರಿ. ಆದ್ರ ಸಸ್ತಾ ಪೆಟ್ರೋಲಿಗಂತಲೇ ಗಾಡಿ ತಗೊಂಡು ದೂರ ಹೋಗಬ್ಯಾಡ್ರಿ. ಲೀಟರಿಗಿ ಒಂದು ರೂಪಾಯಿ ಕಮ್ಮಿ ಅಂತ ಹತ್ತು ಕಿಲೋಮೀಟರ್ ಹೋಗಿ ಬಂದ್ರ ಐದು ಲೀಟರಿಗಿ ಐದು ರೂಪಾಯಿ ಉಳೀತು, ಹೋಗಿ ಬರೋ 20 ಕಿಲೋಮೀಟರಿಗಿ 40 ರೂಪಾಯಿ ಹೋಯ್ತು.

ಹಳ್ಳಿ ಕಿರಾಣಿ ಅಂಗಡ್ಯಾಗ ಬಾಟ್ಲಿ ಪೆಟ್ರೋಲ್ ಸಿಗ್ತದಲ್ಲ, ಅದರ ಪಾಳಿ ಬರದಂಗ ನೋಡ್ಕೋರಿ. ದರ ಜಾಸ್ತಿ, ಅಳತಿ ಕಮ್ಮಿ, ಒಳಗ ಏನ್ ಕೂಡ್ಯಾದ ಅಂತ ನೋಡ್ಲಿಕ್ಕ ಬರಂಗಿಲ್ಲ, ಬೆಂಕಿ ಅಪಾಯ ಬ್ಯಾರೆ. ರಿಸರ್ವಿಗಿ ಬರೋ ಮುಂಚೆನೇ ಊರಾಗ ಹಾಕಸ್ಕೊಂಡು ಹೊಂಡ್ರಿ.

ಆರನೇ ಮಾತು: ಹೋಗದೇ ಉಳಸೋದು

ಭಾಳ ಸಲ ನಾವು ಒಂದೇ ಕೆಲಸಕ್ಕ ಎರಡೆರಡು ಸಲ ತಿರುಗ್ತೀವಿ. ನಮ್ಮ ಕಲಬುರಗಿ ಭಾಗದಾಗ ಏಪ್ರಿಲ್ ಮೇ ಬಂದ್ರ ಸರ್ಕಾರಿ ಆಫೀಸ್ ಮುಂಜಾನಿ 8ಕ್ಕ ತೆರೆದು ಮಧ್ಯಾಹ್ನ 1.30ಕ್ಕ ಮುಚ್ಚತಾವ, ಬಿಸಲಿನ ಸಲುವಾಗಿ ಸರ್ಕಾರ ಆದೇಶ ಮಾಡ್ತದ. ಇದು ಗೊತ್ತಿಲ್ಲದೇ ಅಫಜಲಪುರ, ಆಳಂದದಿಂದ ಗಾಡಿ ಮ್ಯಾಲ ಮಧ್ಯಾಹ್ನ ಮೂರಕ್ಕ ಮಿನಿ ವಿಧಾನಸೌಧಕ್ಕ ಬಂದು ಬೀಗ ನೋಡಿ ಹೋಗೋರನ್ನ ನಾನು ಕಣ್ಣಾರೆ ನೋಡೀನಿ, ಬಿಸಲಾಗ ಎಂಬತ್ತಕ್ಕಿಂತ ಜಾಸ್ತಿ ಕಿಲೋಮೀಟರ್ ಸುಮ್ನ ಹೋಯ್ತು, ಪಾಪ. ಮದ್ಲ ಫೋನ್ ಮಾಡ್ರಿ, ಸಾಹೇಬರು ಅದಾರೋ ಇಲ್ಲೋ ಕೇಳ್ರಿ, ಬ್ಯಾಂಕ್, ಗಂಜ್, ದವಾಖಾನಿ ಕೆಲಸ ಒಂದೇ ದಿನಕ್ಕ ಕೂಡಸ್ರಿ.

ಮನ್ಯಾಗಿನ ಹೆಣ್ಣುಮಕ್ಕಳಿಗಿ 2023ರ ಜೂನ್ 11ರಿಂದ ಶಕ್ತಿ ಯೋಜನಾ ಅದ, ಕಲ್ಯಾಣ ಕರ್ನಾಟಕ ಸಾರಿಗಿ ಸಾದಾ ಬಸ್ಸಿನಾಗ ರಾಜ್ಯದ ಒಳಗ ಪುಕ್ಕಟ್ಟೆ. ಅಕ್ಕನ ಮನಿಗಿ ಸೇಡಮ್ಮಿಗಿ ಹೋಗಬೇಕಂದ್ರ ನಾವು ಮದ್ಲ ಇಬ್ಬರೂ ಗಾಡಿ ಮ್ಯಾಲೇ ಹೋಗ್ತಿದ್ದಿವಿ, ಈಗ ಬಸ್ಸಿನಾಗ ಹೋಗ್ತೀವಿ, ಬರೇ ನಂದೊಂದೇ ಟಿಕೆಟ್. ಬೀದರಿಗಿ ಹೋಗೋರು ರೈಲ್ ಮರೀಬ್ಯಾಡ್ರಿ, ಕಲಬುರಗಿ ಬೀದರ್ ಲೈನ್ 2017ರ ಅಕ್ಟೋಬರ್‌ನಾಗ ಪೂರಾ ಆಯ್ತು, ಹುಮನಾಬಾದ್ ಮ್ಯಾಲೆ ಹಾದು 110 ಕಿಲೋಮೀಟರ್. ಅಷ್ಟು ದೂರ ಬೈಕ್ ಮ್ಯಾಲ ಹೋಗಿ ಬಂದ್ರ ನಾಲ್ಕು ಲೀಟರ್ ಖಾಲಿ, ಟೊಂಕ ನೋವು ಬ್ಯಾರೆ. ಯಾದಗಿರಿ ಕಡಿ ದಿನಾಲು ಹೋಗೋರಿಗಿ ವಾಡಿ ಮ್ಯಾಲಿಂದ ರೈಲಿನ ಮಾಸಿಕ ಪಾಸ್ ಅದ, ಒಂದು ತಿಂಗಳ ಪೆಟ್ರೋಲ್ ಖರ್ಚಿನ ಜೊತಿ ಹಚ್ಚಿ ನೋಡ್ರಿ. ಒಂದೇ ಕಡಿ ಕೆಲಸಕ್ಕ ಹೋಗೋರು ಇಬ್ಬರು ಒಂದೇ ಗಾಡಿ ಮ್ಯಾಲ ಹೋದ್ರ ಖರ್ಚು ಅರ್ಧ, ನಾನೂ ನನ್ನ ಜೊತಿ ಕೆಲಸ ಮಾಡೋ ಕಾಕಾನೂ ವಾರಕ್ಕ ಮೂರು ದಿನ ಹಂಗೇ ಹೋಗ್ತೀವಿ.

ಕಾರ್ ಇದ್ದವರಿಗಿ ಎರಡು ಮಾತು

ಬಿಸಲಾಗ ನಿಂತ ಕಾರ್ ಒಳಗ ಒಲಿ ಆಗಿರ್ತದ. ಹತ್ತಿದ ಕೂಡ್ಲೆ ಎಸಿ ಪೂರಾ ಇಡಬ್ಯಾಡ್ರಿ, ನಾಲ್ಕೂ ಕಿಡಕಿ ಇಳಿಸಿ ಎರಡು ನಿಮಿಷ ಓಡಸ್ರಿ, ಬಿಸಿ ಗಾಳಿ ಹೊರಗ ಹೋದ ಮ್ಯಾಲ ಕಿಡಕಿ ಏರಿಸಿ ಎಸಿ ಹಾಕಿ ಒಳಗಿನ ಗಾಳಿನೇ ತಿರುಗೋ ಬಟನ್ ಒತ್ರಿ. ಊರಾಗ ಸಾವಕಾಶ ಹೋಗುವಾಗ, ಚಳಿಗಾಲದಾಗ, ಕಿಡಕಿ ತೆಗೆದಿದ್ರ ನಡೀತದ, ಆದ್ರ ಹೈವೇದಾಗ ಜೋರ್ ಹೋಗುವಾಗ ಕಿಡಕಿ ತಗದ್ರ ಗಾಳಿ ಒಳಗ ತುಂಬಿ ಹಿಂದಕ್ಕ ಎಳೀತದ. ಎಸಿ ಹಾಕಿ ಯಾರಿಗೋ ಕಾಯ್ಕೊಂತ ನಿಂತ್ರ ತಾಸಿಗಿ ಹತ್ತತ್ರ ಒಂದು ಲೀಟರ್ ಹೋಗ್ತದ. ತಲಿ ಮ್ಯಾಲ ಕ್ಯಾರಿಯರ್ ಕಟ್ಟಿದ್ದು ಕೆಲಸ ಮುಗದ ಮ್ಯಾಲ ಬಿಚ್ಚಿ ಇಡ್ರಿ, ಡಿಕ್ಕ್ಯಾಗ ವರ್ಷದಿಂದ ಬಿದ್ದಿರೋ ಸಾಮಾನೂ ತಗೀರಿ.

ಕರೆಂಟ್ ಗಾಡಿ ತಗೋಬೇಕೋ ಬ್ಯಾಡೋ

ಈಗ ಎಲ್ಲಾರೂ ಇದನ್ನೇ ಕೇಳ್ತಾರ. ದಿನಕ್ಕ 40-50 ಕಿಲೋಮೀಟರ್ ಓಡೋರಿಗಿ ಲೆಕ್ಕ ಛಲೋ ಬೀಳ್ತದ. 3 ಯುನಿಟ್ ಬ್ಯಾಟರಿ ಗಾಡಿ ಖರೇ ರೋಡಿನಾಗ 80 ಕಿಲೋಮೀಟರ್ ಕೊಟ್ಟಿತು ಅಂತ ಹಿಡೀರಿ, ಯುನಿಟಿಗಿ ಎಲ್ಲಾ ಸೇರಿ 7 ರೂಪಾಯಿ ಅಂದ್ರೂ ಕಿಲೋಮೀಟರಿಗಿ 30 ಪೈಸೆ ಆಸುಪಾಸು, ನನ್ನ ಪೆಟ್ರೋಲ್ ಗಾಡಿಗಿ ಎರಡು ರೂಪಾಯಿ ಹತ್ತಿರ ಬೀಳ್ತದ. ದಿನಕ್ಕ ಹತ್ತು ಕಿಲೋಮೀಟರ್ ಅಷ್ಟೇ ಓಡೋರಿಗಿ ಗಾಡಿಗಿ ಹಾಕಿದ ಹೆಚ್ಚಿನ ರೊಕ್ಕ ತಿರುಗಿ ಬರ್ಲಿಕ್ಕ ಭಾಳ ವರ್ಷ ಬೇಕು.

ಇದರಾಗ ಒಂದು ಗಂಟು ಅದ, ಅದನ್ನ ಮಾರಾಟ ಮಾಡೋರು ಹೇಳಂಗಿಲ್ಲ. 2023ರ ಆಗಸ್ಟ್ 5ಕ್ಕ ನಮ್ಮ ಕಲಬುರಗಿಯಾಗೇ ಚಾಲೂ ಆದ ಗೃಹಜ್ಯೋತಿದಾಗ ನಿಮ್ಮ ಹಿಂದಿನ ಸರಾಸರಿ ಬಳಕಿ ಮ್ಯಾಲ ಒಂದಷ್ಟು ಸೇರಿಸಿ ಇಷ್ಟು ಯುನಿಟ್ ಪುಕ್ಕಟ್ಟೆ ಅಂತ ಗೊತ್ತು ಮಾಡಿರ್ತಾರ, ಅದನ್ನ ದಾಟಿದ್ರ ದಾಟಿದಷ್ಟಕ್ಕ ರೊಕ್ಕ ಕಟ್ಟಬೇಕು, 200 ಯುನಿಟ್ ದಾಟಿದ್ರ ಪೂರಾ ಬಿಲ್ಲೇ ಕಟ್ಟಬೇಕು. ಕರೆಂಟ್ ಗಾಡಿ ದಿನಕ್ಕ ಎರಡು ಯುನಿಟ್ ತಗೊಂಡ್ರ ತಿಂಗಳಿಗಿ 60 ಆಯ್ತು. ಬ್ಯಾಸಗ್ಯಾಗ ಕೂಲರ್ ಹಗಲು ರಾತ್ರಿ ತಿರುಗೋ ಮನ್ಯಾಗ ಮೊದ್ಲೇ 150-160 ಬರ್ತಿದ್ರ ಗಾಡಿ ಸೇರಿ 200 ದಾಟೋದು ನಕ್ಕಿ. ಅದಕ್ಕ ಗಾಡಿ ಬುಕ್ ಮಾಡೋ ಮುಂಚೆ ಜೆಸ್ಕಾಂ ಕರೆಂಟ್ ಬಿಲ್ ತಗದು ನಿಮ್ಮ ಪುಕ್ಕಟ್ಟೆ ಯುನಿಟ್ ಎಷ್ಟು, ಏಪ್ರಿಲ್ ಮೇ ತಿಂಗಳಿನಾಗ ಎಷ್ಟು ಬಂದಿತ್ತು ನೋಡ್ರಿ, ಅದಕ್ಕ 60 ಕೂಡಸ್ರಿ. 200 ದಾಟೋ ತಿಂಗಳು ಎಷ್ಟು ಅವ ಅಂತ ಎಣಿಸಿ, ಆ ತಿಂಗಳ ಪೂರಾ ಬಿಲ್ಲನ್ನ ಗಾಡಿ ಖರ್ಚಿನಾಗೇ ಹಿಡೀರಿ. ತಗೊಂಡ ಮ್ಯಾಲ ಬಿಸಲಾಗಿಂದ ಬಂದ ಕೂಡ್ಲೆ ಚಾರ್ಜಿಗಿ ಹಾಕಬ್ಯಾಡ್ರಿ, ಬ್ಯಾಟರಿ ಕಾದಿರ್ತದ, ಒಂದು ತಾಸು ನೆಳ್ಳಾಗ ತಣ್ಣಗಾಗ್ಲಿ, ರಾತ್ರಿ ಊಟ ಆದ ಮ್ಯಾಲ ಹಚ್ರಿ.